ಕೆರೆಗೆ ಹೋದದ್ದು ಯಾವಾಗ

ಜನವರಿ ೯

ಡ್ರೈವಿಂಗ್ ಮೇಷ್ಟ್ರಿಗೆ,

ಅಕ್ಕ ಫೋನ್ ಬಿಟ್ಟು ಪೆನ್ನು ಹಿಡಿದಿದ್ದಾಳೆ ಎಂದರೆ ಏನೋ ಗ್ರಹಚಾರ ಕಾದಿದೆ ಅಂತ ನಿನಗೆ ಈಗಾಗಲೇ ವಾಸನೆ ಬಡಿದಿರುತ್ತದೆ. ಫೋನಿನಲ್ಲಾದರೆ ನೀನು "ಹ್ಞೂಂ, ಹ್ಞೂಂ, ಪಾಠ ನಡೀತಾ ಇದೆ, ಆಮೇಲೆ ಮಾಡ್ತೀನಿ" ಎಂದು ಜಾರಿಕೊಳ್ಳುತ್ತೀಯ. ಅದಕ್ಕೇ ಈ ಕಾಗದ. ಪೂರ್ತಿ ಓದು.

ನಾನು ಮೊದಲು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ ಮರೆವಿನ ಕಾಯಿಲೆಯ ಬಗ್ಗೆ ಒಂದು ಸಂಶೋಧನೆ ಶುರುವಾಗಿದೆ. ಕಾಯಿಲೆ ಬಂದವರು ಮಾತ್ರ ಸಾಲದಂತೆ, ಇನ್ನೂ ಚೆನ್ನಾಗಿರುವವರೂ ಬೇಕಂತೆ, ಅದರಲ್ಲೂ ಅಪ್ಪನಿಗೋ ಅಮ್ಮನಿಗೋ ಆ ಕಾಯಿಲೆ ಇದ್ದವರು. ಮರೆವು ಶುರುವಾಗುವುದಕ್ಕೆ ಎಷ್ಟೋ ವರ್ಷ ಮುಂಚೆಯೇ ಮಿದುಳಿನಲ್ಲಿ ಒಂದು ಬಗೆಯ ಕಸ ಸೇರಿಕೊಳ್ಳುತ್ತದಂತೆ. ಅದನ್ನು ಈಗ ಚಿತ್ರದಲ್ಲಿ ಹಿಡಿಯಬಹುದು. ರಕ್ತದಲ್ಲೂ ಅದರ ಗುರುತು ಸಿಗುತ್ತದಂತೆ. ಅಮ್ಮನ ಕಾಲದಲ್ಲಿ ಇದೊಂದೂ ಇರಲಿಲ್ಲ. "ವಯಸ್ಸಾಯ್ತಲ್ಲ, ಅರಳುಮರಳು" ಅಂದರು, ಟಾನಿಕ್ ಬರೆದುಕೊಟ್ಟರು, ಮುಗಿಯಿತು.

ಅಮ್ಮನಿಗೆ ಶುರುವಾದ ವಯಸ್ಸು ನನಗೂ ಬಂತು ಪುಟ್ಟು. ಮೊನ್ನೆ ಡಬ್ಬಿಯ ಮುಚ್ಚಳ ಕೈಯಲ್ಲಿ ಹಿಡಿದುಕೊಂಡೇ ಅದನ್ನು ಇಡೀ ಅಡುಗೆಮನೆಯಲ್ಲಿ ಹುಡುಕಿದೆ. ಸಿಕ್ಕಿದಾಗ ನಗು ಬಂತು, ಆಮೇಲೆ ಕುರ್ಚಿ ಎಳೆದುಕೊಂಡು ಕೂತುಬಿಟ್ಟೆ. ಇದು ಎಲ್ಲರಿಗೂ ಆಗುವ ಮರೆವೋ, ಅಮ್ಮನದ್ದೋ? ಹೀಗೆ ದಿನಾ ನನ್ನನ್ನು ನಾನೇ ಪರೀಕ್ಷೆ ಮಾಡಿಕೊಂಡು ಸಾಕಾಗಿದೆ. ನನಗೆ ಗೊತ್ತಾಗಬೇಕು. ಅದಕ್ಕೇ ಹೆಸರು ಕೊಟ್ಟು ಬಂದೆ.

ನಿನ್ನ ಪಾತ್ರ ಬರುವುದು ಇಲ್ಲಿ. ಸಂಶೋಧನೆಗೆ ಸೇರುವ ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರ ಇರಬೇಕು. ನನ್ನನ್ನು ಚಿಕ್ಕಂದಿನಿಂದ ಬಲ್ಲವರು, ತಿಂಗಳಿಗೊಮ್ಮೆಯಾದರೂ ನೋಡುವವರು. ನಿನ್ನ ಭಾವ ಇದ್ದಿದ್ದರೆ ಅವರೇ ಬರುತ್ತಿದ್ದರು. ಡಾಕ್ಟರು ನಿನ್ನನ್ನು ಒಂದು ಕೋಣೆಯಲ್ಲಿ ಕೂರಿಸಿಕೊಂಡು ನನ್ನ ಬಗ್ಗೆ ಕೇಳುತ್ತಾರೆ: ಒಲೆ ಆರಿಸಲು ಮರೆಯುತ್ತಾಳಾ, ಹೇಳಿದ್ದನ್ನೇ ಹೇಳುತ್ತಾಳಾ, ಹೋದ ತಿಂಗಳು ಏನೇನು ನಡೆಯಿತು. ಆಮೇಲೆ ಅದನ್ನೇ ನನ್ನನ್ನು ಬೇರೆಯಾಗಿ ಕೇಳಿ ತಾಳೆ ನೋಡುತ್ತಾರೆ. ನನ್ನ ಚಾಡಿ ಹೇಳಲು ಸರ್ಕಾರವೇ ಅನುಮತಿ ಕೊಟ್ಟ ಹಾಗೆ. ಬರುತ್ತೀಯ ತಾನೆ?

ಮುಚ್ಚಳ ಹುಡುಕುವ,
ಅಕ್ಕ


ಜನವರಿ ೨೪

ಅಕ್ಕ,

ಬರುತ್ತೇನೆ, ಇದನ್ನೂ ಕೇಳಬೇಕಾ! ಚಾಡಿ ಹೇಳುವ ಅವಕಾಶಕ್ಕೆ ಇಷ್ಟು ವರ್ಷ ಕಾದಿದ್ದೇನೆ. ಹೂದಾನಿ ಒಡೆದಿದ್ದು ನೀನಲ್ಲ, ನಾನು, ಎನ್ನುವುದನ್ನೂ ಡಾಕ್ಟರಿಗೆ ಹೇಳಿ ಪಾಪ ಕಳೆದುಕೊಳ್ಳುತ್ತೇನೆ. ಅವತ್ತು ನೀನು "ನನ್ ಕೈ ತಾಗಿ ಬಿತ್ತಮ್ಮ" ಅಂದು ಹೊಡೆತ ತಿಂದೆ. ನಾನು ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡೆ.

ನಿನಗೇನೂ ಆಗಿರಲ್ಲ ಬಿಡು. ನಿನ್ನ ಕಾಗದ ಓದಿ ಇವತ್ತೆಲ್ಲ ಆ ಸೈಕಲ್ ಅಂಗಡಿಯ ಮೇಲಿನ ಮನೆಯೇ ಕಣ್ಣ ಮುಂದೆ. ಅಮ್ಮನ ಹೆಣಿಗೆ ಯಂತ್ರ ಕಿಟಕಿಯ ಪಕ್ಕ. ಅಮ್ಮ ಹಿಡಿಯನ್ನು ಆ ಕಡೆಯಿಂದ ಈ ಕಡೆಗೆ ಎಳೆದಾಗ ಕರ್ರ್, ಈ ಕಡೆಯಿಂದ ಆ ಕಡೆಗೆ ಕರ್ರ್. ನೀನು ಎರಡು ಕೈಯನ್ನೂ ಮುಂದೆ ಚಾಚಿ ಕೂರಬೇಕು, ನಾನು ಅದರಿಂದ ಉಲ್ಲನ್ ಬಿಡಿಸಿ ಉಂಡೆ ಸುತ್ತಬೇಕು. ಶಾಲೆಗಳ ಸ್ವೆಟರಿನ ಕಾಲ ಬಂದರೆ ಮನೆಯೆಲ್ಲ ಕಂದು ಬಣ್ಣದ ನೂಲಿನ ಧೂಳು. ನಾನು ಸೀನಿದರೂ ಕಂದು ಬಣ್ಣ. ಆ ಕರ್ರ್ ಶಬ್ದ ಕೇಳದೆ ನನಗೆ ನಿದ್ದೆಯೇ ಬರುತ್ತಿರಲಿಲ್ಲ.

ಸ್ಕೂಲು ಜೋರಾಗಿ ನಡೆದಿದೆ. ಹೊಸ ಪದ್ಧತಿ ಶುರು ಮಾಡಿದ್ದೇನೆ. ಈಗ ನಾನು ದಾರಿ ಹೇಳುವುದೇ ಇಲ್ಲ. ಸ್ಟೇರಿಂಗ್ ಹಿಡಿದವರೇ ಹೇಳಬೇಕು, "ಮೇಷ್ಟ್ರೇ, ಇಲ್ಲಿ ಎಡಕ್ಕೆ ತಿರುಗಿದರೆ ಸ್ಟೇಷನ್" ಅಂತ. ದಾರಿ ಹುಡುಕುವುದೂ ಪಾಠವೇ ತಾನೆ? ಎಲ್ಲರೂ ಮೆಚ್ಚಿಕೊಂಡಿದ್ದಾರೆ.

ನೀನು ಫೆಬ್ರವರಿಯಲ್ಲಿ ಇಲ್ಲಿಗೆ ಬಾ, ಮಾರ್ಚಿನಲ್ಲಿ ನಾನು ಅಲ್ಲಿಗೆ ಬರುತ್ತೇನೆ. ನನ್ನ ಹೆಂಡತಿಯೂ ಕೇಳಿದಳೆಂದು ಹೇಳು ಅಂದಳು.

ನಿನ್ನ ಚಾಡಿಕೋರ,
ತಮ್ಮ


ಮಾರ್ಚ್ ೧೮

ಪುಟ್ಟು,

ನೀನು ಹೊರಟ ಮರುದಿನವೇ ಚಿತ್ರ ತೆಗೆದರು. ಇಡೀ ಜೀವಮಾನ ಎಕ್ಸ್-ರೇ ಕೋಣೆಯಲ್ಲಿ ಗಾಜಿನ ಆಚೆ ನಿಂತು "ಉಸಿರು ಹಿಡ್ಕೊಳ್ಳಿ, ಅಲುಗಾಡಬೇಡಿ, ಈಗ ಬಿಡಿ" ಎಂದು ಎಲ್ಲರನ್ನೂ ಗದರಿಸಿದವಳು ನಾನು. ಈಗ ನಾನೇ ಮಲಗಿದೆ. ತೋಳಿಗೆ ಒಂದು ಮದ್ದು ಕೊಟ್ಟು ಸುಮ್ಮನೆ ಕೂರಿಸಿದರು. ಅದು ಮಿದುಳಿಗೆ ಹೋಗಿ, ಎಲ್ಲೆಲ್ಲಿ ಆ ಕಸ ಇದೆಯೋ ಅಲ್ಲಲ್ಲಿ ಅಂಟಿಕೊಳ್ಳುತ್ತದೆ. ಯಂತ್ರಕ್ಕೆ ಆ ಜಾಗ ಹೊಳೆದು ಕಾಣುತ್ತದೆ. ದೊಡ್ಡ ಬಳೆಯಂಥ ಯಂತ್ರದೊಳಗೆ ತಲೆ ತೂರಿಸಿದಾಗ ಅಮ್ಮ ನೆನಪಾದಳು. ಅಮ್ಮನನ್ನು ಯಾರೂ ಹೀಗೆ ಒಳಗೆ ಇಣುಕಿ ನೋಡಲೇ ಇಲ್ಲವಲ್ಲ ಅನ್ನಿಸಿ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳುವ ಹಾಗಿಲ್ಲ, ಅಲುಗಾಡಬಾರದು! ಕಿವಿಯೊಳಕ್ಕೆ ಇಳಿಯಿತು.

ಡಾಕ್ಟರು ಒಳ್ಳೆಯ ಹೆಂಗಸು. ನಮ್ಮ ಮಕ್ಕಳ ವಯಸ್ಸು. ನಿನ್ನನ್ನು ತುಂಬಾ ಹೊಗಳಿದರು, "ನಿಮ್ಮ ತಮ್ಮ ಎಷ್ಟು ಚೆನ್ನಾಗಿ ಹೇಳ್ತಾರೆ, ಕಣ್ಣಿಗೆ ಕಟ್ಟಿದ ಹಾಗೆ" ಅಂತ.

ಒಂದು ವಿಷಯ. ಅವರು ನನ್ನನ್ನು, "ಹೋದ ತಿಂಗಳು ತಮ್ಮನ ಮನೆಗೆ ಹೋಗಿದ್ರಲ್ಲ, ಇಬ್ಬರೂ ಹೊರಗಡೆ ಎಲ್ಲಿಗೆ ಹೋಗಿದ್ರಿ?" ಎಂದು ಕೇಳಿದರು. ಕನ್ನಡಕದ ಅಂಗಡಿಗೆ ಅಂದೆ. ಅವರು ಕಾಗದ ನೋಡಿಕೊಂಡು, "ಬೇರೆ ಎಲ್ಲಾದ್ರೂ? ನೀರು ಇರೋ ಕಡೆ?" ಅಂದರು. ನಾನು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡೆ. ಆಮೇಲೆ, "ಅಯ್ಯೋ, ಹೌದಲ್ಲ, ಕೆರೆಗೆ ಹೋಗಿದ್ವಿ! ಮರೆತೇ ಹೋಗಿತ್ತು ನೋಡಿ" ಅಂದೆ. ಅವರು ಏನೋ ಬರೆದುಕೊಂಡರು.

ನೀನು ಅವರಿಗೆ ಏನು ಹೇಳಿದ್ದೆ? ಸುಮ್ಮನೆ ಕೇಳುತ್ತಿದ್ದೇನೆ, ಹೇಳು.

ಅಕ್ಕ


ಮಾರ್ಚ್ ೨೯

ಅಕ್ಕ,

ನಿನ್ನ ಕಾಗದ ಓದಿ ಊಟ ಸೇರಲಿಲ್ಲ. ನಿಜವಾಗಿಯೂ ಮರೆತುಹೋಯಿತಾ ನಿನಗೆ?

ಹೇಳುತ್ತೇನೆ, ನೆನಪು ಮಾಡಿಕೊ. ಕೆರೆಗೆ ಹೋದೆವು. ನೀನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಮೊಣಕಾಲಿನ ತನಕ ನೀರಿಗೆ ಇಳಿದೆ. ಗಾಳಿ ಬೀಸಿ ಆ ಹಸಿರು ಕೊಡೆ ಹಿಂದು ಮುಂದಾಗಿ ಹಾರಿತು, ನೀನು ಅದರ ಹಿಂದೆ ಓಡಿದ್ದನ್ನು ನೋಡಿ ನಾನು ನಕ್ಕೂ ನಕ್ಕೂ ಏರಿಯ ಮೇಲೆ ಕೂತುಬಿಟ್ಟೆ. ಬುತ್ತಿಯ ಡಬ್ಬಿಯನ್ನು ಕಾರಿನ ಬಾನೆಟ್ ಮೇಲೆ ಇಟ್ಟುಕೊಂಡು ತಿಂದೆವು. ವಾಪಸ್ ಬರುವಾಗ ಮಳೆ. ವೈಪರ್ ಕೆಟ್ಟು, ನಾನು ಕಿಟಕಿಯಿಂದ ಕೈ ಹೊರಗೆ ಹಾಕಿ ಬಟ್ಟೆಯಲ್ಲಿ ಗಾಜು ಒರೆಸುತ್ತಾ ಓಡಿಸಿದೆ. ಇನ್ನೂ ಮೊನ್ನೆ ಮೊನ್ನೆಯ ಮಾತು.

ಹೆದರಬೇಡ ಅಕ್ಕ. ನಾನಿದ್ದೇನೆ. ಇನ್ನು ಮೇಲೆ ನಿನಗಾಗಿ ಎಲ್ಲವನ್ನೂ ನಾನು ನೆನಪಿಟ್ಟುಕೊಳ್ಳುತ್ತೇನೆ.

ತಮ್ಮ


ಏಪ್ರಿಲ್ ೬

ತಾಯಿ,

ಈ ಕಾಗದ ನಿನಗೆ. ನಿನ್ನ ಗಂಡನ ಕೈಗೆ ಸಿಗದಿರಲಿ ಎಂದು ನಿನ್ನ ಗ್ರಂಥಾಲಯದ ವಿಳಾಸಕ್ಕೆ ಹಾಕುತ್ತಿದ್ದೇನೆ. ಕೆಲಸದ ನಡುವೆ ಓದಿಕೊ.

ಫೆಬ್ರವರಿಯಲ್ಲಿ ನಾನು ಬಂದಾಗ ನಾವು ಕೆರೆಗೆ ಹೋಗಲಿಲ್ಲ. ಅವನೂ ನಾನೂ ನಡೆದುಕೊಂಡು ಹೋಗಿ ನನ್ನ ಕನ್ನಡಕದ ಗಾಜು ಬದಲಾಯಿಸಿಕೊಂಡು ಬಂದೆವು, ಅಷ್ಟೆ. ಆ ಕೆರೆ, ಆ ಕೊಡೆ, ಆ ವೈಪರ್ ಎಲ್ಲ ನಿಜವೇ, ಆದರೆ ಅದು ನೀನು ಈ ಮನೆಗೆ ಬರುವುದಕ್ಕೂ ಮುಂಚಿನದು. ಅಮ್ಮ ಇದ್ದಳು. ಹಿಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಅವನಿಗೆ "ಮೆಲ್ಲಗೆ ಹೋಗೋ" ಎನ್ನುತ್ತಿದ್ದಳು. ಅವನು ಅದನ್ನು ಹೋದ ತಿಂಗಳು ಅಂತ ಡಾಕ್ಟರಿಗೆ ಹೇಳಿದ್ದಾನೆ. ನನಗೂ ಬರೆದಿದ್ದಾನೆ, ಮೊನ್ನೆ ಮೊನ್ನೆ ಅಂತ. ಅಮ್ಮನನ್ನು ಮಾತ್ರ ಆ ಕಾರಿನಿಂದ ಇಳಿಸಿಬಿಟ್ಟಿದ್ದಾನೆ.

ಡಾಕ್ಟರು "ನೀರು ಇರೋ ಕಡೆ" ಎಂದ ತಕ್ಷಣ ನನಗೆ ಅರ್ಥವಾಯಿತು. ಅಲ್ಲೇ "ಅವನು ತಪ್ಪು ಹೇಳಿದ್ದಾನೆ" ಎನ್ನಬಹುದಿತ್ತು. ಬಾಯಿಗೆ ಬಂದದ್ದು ಬೇರೆ. ಚಿಕ್ಕಂದಿನಿಂದ ಬಂದ ಅಭ್ಯಾಸ, ಅವನು ಏನು ಒಡೆದರೂ ನನ್ನ ಕೈ ತಾಗಿತು ಎನ್ನುವುದು. ಈಗ ಡಾಕ್ಟರು ನನಗೇ ಮರೆವು ಎಂದುಕೊಂಡಿದ್ದಾರೆ. ಆದರೆ ನನ್ನ ಚಿತ್ರದಲ್ಲಿ ಏನೂ ಹೊಳೆಯುತ್ತಿಲ್ಲವಂತೆ, ರಕ್ತವೂ ಸರಿಯಾಗಿದೆಯಂತೆ. ಇದು ಹೇಗೆ ಅಂತ ಅವರಿಗೆ ತಲೆಬಿಸಿ. ಬೆನ್ನಿನಿಂದ ನೀರು ತೆಗೆದು ನೋಡೋಣ ಎನ್ನುತ್ತಿದ್ದಾರೆ.

ನೀನು ದಿನಾ ಅವನ ಜೊತೆ ಇರುವವಳು. ನಿನಗೇನಾದರೂ ಕಂಡಿದೆಯಾ? ಮುಚ್ಚಿಡಬೇಡ.

ನಿನ್ನ ಅತ್ತಿಗೆ


ಏಪ್ರಿಲ್ ೧೫

ಅತ್ತಿಗೆಗೆ ನಮಸ್ಕಾರ.

ಕಂಡಿದೆ. ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದೆ ಅನ್ನಿಸುತ್ತದೆ, ನಿಮ್ಮ ಕಾಗದ ಓದಿ ಪುಸ್ತಕದ ಕಪಾಟಿನ ಹಿಂದೆ ನಿಂತು ಅತ್ತುಬಿಟ್ಟೆ.

ಹೋದ ವರ್ಷ ಇವರು ಒಬ್ಬ ಕಲಿಯುವ ಹುಡುಗಿಯನ್ನು ಕರೆದುಕೊಂಡು ಹೊರಟವರು ಎಷ್ಟು ಹೊತ್ತಾದರೂ ಬರಲಿಲ್ಲ. ಆಮೇಲೆ ಆ ಹುಡುಗಿಯೇ ನಗುತ್ತಾ ಹೇಳಿದಳು, "ಆಂಟಿ, ಮೇಷ್ಟ್ರು ಒಂದೇ ಸರ್ಕಲ್ ಸುತ್ತಾ ಸುತ್ತಿಸಿದ್ರು, ಆಮೇಲೆ ಮನೆಗೆ ದಾರಿ ನೀನೇ ಹೇಳು ಅಂದ್ರು." ಅಲ್ಲಿಂದಲೇ ಶುರು ಇವರ ಹೊಸ ಪದ್ಧತಿ. ಎಲ್ಲರೂ ಮೆಚ್ಚಿಕೊಂಡರು. ನಾನೂ ಮೆಚ್ಚಿಕೊಂಡ ಹಾಗೆ ಮಾಡಿದೆ. ಇವರಿಗೆ ದಾರಿ ತಪ್ಪುತ್ತಿದೆ ಅತ್ತಿಗೆ. ಅವತ್ತಿನಿಂದ ರಜೆ ಇದ್ದಾಗಲೆಲ್ಲ "ನನಗೂ ಮನೇಲಿ ಬೇಜಾರು" ಅಂತ ನೆಪ ಹೇಳಿ ಹಿಂದಿನ ಸೀಟಿನಲ್ಲಿ ಹೋಗಿ ಕೂರುತ್ತೇನೆ. ನನಗೆ ಕಾರು ಓಡಿಸಲು ಬರುವುದಿಲ್ಲ, ಕೂತು ಏನು ಮಾಡುತ್ತೇನೋ ದೇವರಿಗೇ ಗೊತ್ತು. ಊರಿಗೆಲ್ಲ ಕಲಿಸಿದರು, ನನಗೆ ಮಾತ್ರ "ನೀನು ಕಲಿತರೆ ನನ್ನ ಪಕ್ಕ ಕೂರೋರ್ಯಾರು" ಎಂದು ತಮಾಷೆ ಮಾಡಿ ಬಿಟ್ಟರು.

ನಿಮಗೇ ಮರೆವು ಅಂದುಕೊಂಡು ಇವರು ಕೊರಗುತ್ತಿದ್ದಾರೆ. ನಾನು ಹೇಳಿದರೆ ಸಿಡುಕುತ್ತಾರೆ. ನೀವು ಹೇಳಿದರೆ ಕೇಳುತ್ತಾರೆ. ಯಾವಾಗ, ಹೇಗೆ ಅಂತ ನೀವೇ ನೋಡಿ. ಆದರೆ ಬೇಗ. ಕಲಿಯುವವರೂ ಯಾರದೋ ಮನೆಯ ಮಕ್ಕಳು.

ಇಂತಿ ನಿಮ್ಮವಳೇ


ಮೇ ೧೧

ಅಕ್ಕ,

ಬೆನ್ನಿಗೆ ಸೂಜಿ ಚುಚ್ಚಿಸಿಕೊಂಡೆಯಂತೆ. ಅವಳು ಹೇಳಿದಳು. ನನಗೆ ಯಾಕೆ ತಿಳಿಸಲಿಲ್ಲ? ಬಂದು ಪಕ್ಕದಲ್ಲಿ ಕೂರುತ್ತಿದ್ದೆ.

ಹಳೆಯದನ್ನೆಲ್ಲ ನಿನಗೆ ಬರೆದು ಕಳಿಸುತ್ತಾ ಇರಬೇಕು ಅಂದುಕೊಂಡಿದ್ದೇನೆ. ಓದಿದರೆ ಉಳಿಯುತ್ತದೆ. ಇವತ್ತಿನದು ಇದು.

ಅಮ್ಮನ ಕೊನೆಯ ವರ್ಷಗಳು. ಯಂತ್ರ ಬಿಡಲಿಲ್ಲ ನೋಡು ಅವಳು. ಆದರೆ ಬರೀ ತೋಳುಗಳನ್ನೇ ಹೆಣೆಯುತ್ತಾ ಹೋದಳು. ಸ್ವೆಟರಿನ ಮೈ ಇಲ್ಲ, ಕುತ್ತಿಗೆ ಇಲ್ಲ, ಒಂದಾದ ಮೇಲೆ ಒಂದು ತೋಳು. ಉದ್ದ ತೋಳು, ಮೋಟು ತೋಳು, ಅರ್ಧ ಕಂದು ಅರ್ಧ ನೀಲಿ ತೋಳು. ಪೆಟ್ಟಿಗೆ ತುಂಬಿತು. ನಾವು ದಿನಾ ಹೋಗಿ "ಎಷ್ಟು ಚೆನ್ನಾಗಿದೆಯಮ್ಮಾ" ಎನ್ನುತ್ತಿದ್ದೆವು. ಒಂದು ದಿನ ಅಮ್ಮ ಒಂದು ತೋಳನ್ನು ಎತ್ತಿ ಹಿಡಿದು, ನಿನ್ನ ಮುಖ ನೋಡಿದಳು, ನನ್ನ ಮುಖ ನೋಡಿದಳು. "ಇದನ್ನ ಯಾರು ಹಾಕ್ಕೋತಾರೆ?" ಅಂದಳು. ನೀನು "ಗಿರಾಕಿ ಬರ್ತಾರೆ ಅಮ್ಮ, ಹೇಳಿದ್ದಾರೆ" ಅಂದೆ. ನಾನೂ ಹೌದು ಅಂದೆ. ಅಮ್ಮ ಅದನ್ನು ಮಡಚಿ ಪೆಟ್ಟಿಗೆಗೆ ಹಾಕಿದಳು. ಅವಳಿಗೆ ಗೊತ್ತಿತ್ತು ಅಕ್ಕ. ನಾವಿಬ್ಬರೂ ಸೇರಿ ಸುಳ್ಳು ಹೇಳುತ್ತಿದ್ದೇವೆ ಅಂತಲೂ ಗೊತ್ತಿತ್ತು. ಆ ಮನೆಯಲ್ಲಿ ನಿಜ ಮಾತಾಡಲು ಅವಳಿಗೆ ಒಬ್ಬರೂ ಸಿಗಲಿಲ್ಲ.

ನಿನಗೆ ನಾನು ಹಾಗೆ ಮಾಡುವುದಿಲ್ಲ. ಕಾಯಿಲೆ ಅಂತ ಗೊತ್ತಾದರೆ ಮುಖಕ್ಕೆ ಮುಖ ಕೊಟ್ಟು ಮಾತಾಡುತ್ತೇನೆ. ನೀನು ತಪ್ಪಿದರೆ ತಪ್ಪಿದೆ ಎನ್ನುತ್ತೇನೆ. ನನಗೆ ಬಂದಿದ್ದರೂ ನೀನು ಹಾಗೇ ಮಾಡಬೇಕೆಂದು ಕೇಳುತ್ತಿದ್ದೆ. ರಿಸಲ್ಟ್ ಬಂದ ಕೂಡಲೇ ಬರೆ.

ತಮ್ಮ


ಜೂನ್ ೩

ಪುಟ್ಟು,

ರಿಸಲ್ಟ್ ಬಂತು. ನನಗೇನೂ ಇಲ್ಲ. ಚಿತ್ರ ಸ್ವಚ್ಛ, ರಕ್ತ ಸ್ವಚ್ಛ, ಬೆನ್ನಿನ ನೀರೂ ಸ್ವಚ್ಛ. ಡಬ್ಬಿಯ ಮುಚ್ಚಳ ಮರೆಯುವುದು ವಯಸ್ಸಿಗೆ ಆಗುವ ಮಾಮೂಲಿ ಮರೆವಂತೆ.

ಖುಷಿಪಡುವ ಮುಂಚೆ ಮುಂದಿನದನ್ನು ಓದು. ಯಾರಾದರೂ ಪಕ್ಕದಲ್ಲಿದ್ದರೆ ಒಳ್ಳೆಯದು, ಅವಳನ್ನು ಕರೆದು ಕೂರಿಸಿಕೊ.

ಹೋದ ವಾರ ಡಾಕ್ಟರ ಮುಂದೆ ಕೂತು ನಿಜ ಹೇಳಿಬಿಟ್ಟೆ. ಕೆರೆಯ ವಿಷಯದಲ್ಲಿ ನಾನು ಏನನ್ನೂ ಮರೆತಿರಲಿಲ್ಲ, ಮರೆತೆ ಎಂದು ಸುಳ್ಳು ಹೇಳಿದ್ದೆ ಎಂದೆ. ಅವರು ಪೆನ್ನು ಕೆಳಗಿಟ್ಟರು. "ಇಷ್ಟು ವರ್ಷ ಇದೇ ಕೆಲಸ ಮಾಡಿದೋರು ನೀವು. ಮಲಗಿದೋರು ಬೇಕೂಂತಲೇ ಅಲುಗಾಡಿದ್ರೆ ಚಿತ್ರ ಏನಾಗತ್ತೆ ಅಂತ ನಿಮಗೆ ನಾನು ಹೇಳ್ಬೇಕಾ?" ಅಂದರು. ತಪ್ಪಾಯಿತು ಅಂದೆ. ಆಮೇಲೆ ಅವರೇ ನೀರು ತರಿಸಿಕೊಟ್ಟರು.

ಕೆರೆಗೆ ನಾವು ಹೋಗಿದ್ದು ನಿನ್ನ ಮದುವೆಗೂ ಮುಂಚೆ. ಅಮ್ಮ ಹಿಂದಿನ ಸೀಟಿನಲ್ಲಿದ್ದಳು. ಫೆಬ್ರವರಿಯಲ್ಲಿ ಹೋದದ್ದು ಕನ್ನಡಕದ ಅಂಗಡಿಗೆ. ಮತ್ತೆ, ನಿನ್ನ ಹೊಸ ಪದ್ಧತಿ. ಕಲಿಯುವವರು ದಾರಿ ಹೇಳಬೇಕಾಗಿರುವುದು ಯಾಕೆಂದು ನಿನಗೂ ಒಳಗೊಳಗೆ ಗೊತ್ತಿದೆ ಅಂದುಕೊಂಡಿದ್ದೇನೆ.

ಇದು ಅಮ್ಮನದೇ ಕಾಯಿಲೆ ಎಂದು ನಾನು ಹೇಳುತ್ತಿಲ್ಲ. ಡಾಕ್ಟರೂ ಹೇಳಲಿಲ್ಲ. ಥೈರಾಯ್ಡ್ ಏರುಪೇರಾದರೂ, ವಿಟಮಿನ್ ಕಡಿಮೆಯಾದರೂ ಮರೆವು ಬರುತ್ತದಂತೆ, ಅವೆಲ್ಲ ಸರಿಪಡಿಸುವಂಥವು. ಏನೆಂದು ನೋಡದೆ ಯಾರೂ ಹೇಳಲಾಗದು. ಅದಕ್ಕೇ ಬಾ ಎನ್ನುತ್ತಿದ್ದೇನೆ. ನಾನು ಮಲಗಿದ ಯಂತ್ರದಲ್ಲೇ ನೀನೂ ಒಮ್ಮೆ ಮಲಗು. ಮತ್ತು ಅಲ್ಲಿಯವರೆಗೆ ಕಲಿಯುವವರನ್ನು ಕೂರಿಸಿಕೊಂಡು ಆ ಕಾರಿನಲ್ಲಿ ಹೊರಡಬೇಡ. ಕೈಮುಗಿಯುತ್ತೇನೆ.

ಮುಖಕ್ಕೆ ಮುಖ ಕೊಟ್ಟು ಹೇಳು ಅಂದಿದ್ದೆ. ಹೇಳಿದ್ದೇನೆ.

ಅಕ್ಕ


ಜೂನ್ ೧೨

ಅಕ್ಕ,

ಕಾಗದ ತಲುಪಿತು. ನನಗೆ ಏನೂ ಆಗಿಲ್ಲ. ಕೆರೆಗೆ ಹೋಗಿದ್ದೆವು, ನನಗೆ ಕಣ್ಣಿಗೆ ಕಟ್ಟಿದಂತಿದೆ. ನಿನ್ನ ಕಾಯಿಲೆಯನ್ನು ನನ್ನ ತಲೆಗೆ ಕಟ್ಟಬೇಡ. ಅವಳ ಕಿವಿಯನ್ನೂ ನೀನೇ ಊದಿದ್ದೀಯ ಅಂತ ಈಗ ಗೊತ್ತಾಯಿತು. ಊರಿಗೆ ಊರೇ ನನ್ನ ಹತ್ತಿರ ಕಾರು ಕಲಿತಿದೆ. ನಾನು ಯಾರಿಗೂ ಪರೀಕ್ಷೆ ಕೊಡಬೇಕಾಗಿಲ್ಲ.

ಇನ್ನು ಬರೆಯುವುದು ಬೇಡ.


ಸೆಪ್ಟೆಂಬರ್ ೨೦

ಅಕ್ಕ,

ಹೇಗಿದ್ದೀಯ? ಬರೆಯಬೇಡ ಅಂದದ್ದನ್ನು ನೀನು ಇಷ್ಟು ಚೆನ್ನಾಗಿ ಪಾಲಿಸುತ್ತೀಯ ಅಂತ ಗೊತ್ತಿರಲಿಲ್ಲ. ಯಾವತ್ತೂ ನನ್ನ ಮಾತು ಕೇಳದವಳು.

ನಡೆದದ್ದನ್ನು ಹೇಳುತ್ತೇನೆ. ನಿನ್ನ ಬಾಯಿ ಮುಚ್ಚಿಸಬೇಕು ಅಂತ ಹಟ ಹಿಡಿದು ಹೋದ ತಿಂಗಳು ಒಂದು ಭಾನುವಾರ ಇವಳನ್ನು ಕಾರಿನಲ್ಲಿ ಕೂರಿಸಿಕೊಂಡೆ. "ನಡಿ, ಕೆರೆ ತೋರಿಸ್ತೀನಿ. ಏರಿಯ ಮೇಲೆ ಕೂತಿದ್ದ ಜಾಗ ತೋರಿಸ್ತೀನಿ, ಆಮೇಲೆ ನೀನೇ ನಿಮ್ಮ ಅತ್ತಿಗೆಗೆ ಬರಿ" ಅಂದೆ. ಇವಳು ಬಂದು ಕೂತಳು. ದಾರಿ ಸರಿಯಾಗಿಯೇ ಹೋದೆ. ಕೊನೆಯ ತಿರುವು ತಿರುಗಿದರೆ ಕೆರೆ ಇಲ್ಲ. ಬಸ್ ಡಿಪೋ ಇದೆ.

ಅದು ಇವತ್ತು ನಿನ್ನೆ ಕಟ್ಟಿದ್ದಲ್ಲ ಅಕ್ಕ. ಕೆರೆ ಮುಚ್ಚಿ ಡಿಪೋ ಕಟ್ಟಿ ಯಾವುದೋ ಕಾಲವಾಯಿತು. ಅದರ ಹಿಂದಿನ ಬಯಲಿನಲ್ಲಿ ನಾನೇ ಎಷ್ಟೋ ಜನಕ್ಕೆ ರಿವರ್ಸ್ ಕಲಿಸಿದ್ದೇನೆ. ಡಿಪೋ ನನಗೆ ಗೊತ್ತು, ಕೆರೆಯೂ ಗೊತ್ತು, ಎರಡೂ ಒಂದೇ ಜಾಗ ಅನ್ನುವುದು ಮಾತ್ರ ತಲೆಯಿಂದ ಜಾರಿಹೋಗಿತ್ತು. ಗೇಟಿನ ಮುಂದೆ ಗಾಡಿ ನಿಲ್ಲಿಸಿ ಕೂತೇ ಇದ್ದೆ. ಹಿಂದೆ ಬಸ್ಸಿನವನು ಹಾರನ್ ಹೊಡೆದೂ ಹೊಡೆದೂ ಕೊನೆಗೆ ಇಳಿದು ಬಂದ. ಮುಖ ನೋಡಿ, "ಓ, ಮೇಷ್ಟ್ರಾ! ನಿಧಾನಕ್ಕೆ ಹೋಗಿ ಸಾರ್" ಅಂದ. ನನ್ನ ಹತ್ತಿರವೇ ಕಲಿತವನು.

ಇವಳಿಗೆ ಮೊದಲೇ ಗೊತ್ತಿತ್ತು ಅಲ್ಲಿ ಕೆರೆ ಇಲ್ಲ ಅಂತ. "ಹೇಳ್ಬಾರದಿತ್ತಾ?" ಎಂದು ಕೇಳಿದೆ. "ಹೇಳಿದ್ರೆ ನಂಬ್ತಿದ್ರಾ?" ಅಂದಳು. ವಾಪಸ್ ಬರುವಾಗ ಎಡಕ್ಕೆ, ಬಲಕ್ಕೆ ಎಂದು ಅವಳು ಹೇಳುತ್ತಾ ಬಂದಳು, ನಾನು ಹೊಸದಾಗಿ ಕಲಿಯುವವನ ಹಾಗೆ ಓಡಿಸುತ್ತಾ ಬಂದೆ. ಮನೆ ಮುಂದೆ ನಿಲ್ಲಿಸಿ ಕೀ ಅವಳ ಕೈಗೆ ಕೊಟ್ಟೆ.

ಸ್ಕೂಲನ್ನು ಅಲ್ಲೇ ನನ್ನ ಜೊತೆ ಕಲಿಸುತ್ತಿದ್ದ ಇನ್ನೊಬ್ಬ ಟೀಚರಿಗೆ ವಹಿಸಿದ್ದೇನೆ. ನನಗೀಗ ಇರುವುದು ಒಬ್ಬಳೇ ವಿದ್ಯಾರ್ಥಿನಿ, ಇವಳೇ, ಅದೂ ಡಿಪೋ ಹಿಂದಿನ ಬಯಲಿನಲ್ಲಿ, ಗೋಡೆ ದಾಟದ ಹಾಗೆ. ಕ್ಲಚ್ ಬಿಡುವುದರಲ್ಲಿ ಇಷ್ಟು ದಡ್ಡಿಯನ್ನು ನಾನು ನೋಡಿಲ್ಲ. ಬೈದರೆ "ನಾಳೆ ಮರೆತೋಗ್ತೀರಲ್ಲ, ಬೈಕೊಳ್ಳಿ" ಎನ್ನುತ್ತಾಳೆ. ಇಬ್ಬರೂ ನಗುತ್ತೇವೆ. ಆಮೇಲೆ ಅವಳು ಆ ಕಡೆ ತಿರುಗಿ ಕಣ್ಣು ಒರೆಸಿಕೊಳ್ಳುತ್ತಾಳೆ.

ನಿಜ ಹೇಳು ಅಂತ ನಾನೇ ಕೇಳಿದೆ. ಹೇಳಿದಾಗ ಕಚ್ಚಿದೆ. ಆ ಕಾಗದವನ್ನು ಹರಿದು ಒಲೆಗೆ ಹಾಕು.

ಚಿತ್ರ ತೆಗೆಸಲು ಬರುತ್ತೇನೆ. ಜೊತೆಗಾರ ಯಾರು ಎಂದು ಡಾಕ್ಟರು ಕೇಳಿದರೆ ಅಕ್ಕ ಎನ್ನುತ್ತೇನೆ. ನನ್ನನ್ನು ಉಳಿಸಲು ಹೋಗಿ ಮತ್ತೆ ಏನಾದರೂ ಸುಳ್ಳು ಹೇಳಿದರೆ ನೋಡು. ಹೆದರಿಕೆ ಆಗುತ್ತಿದೆ ಅಕ್ಕ. ತುಂಬಾ ಆಗುತ್ತಿದೆ.

ತಮ್ಮ


ಡಿಸೆಂಬರ್ ೨

ಪುಟ್ಟು,

ಮೊನ್ನೆ ಆಸ್ಪತ್ರೆಯ ಕಾರಿಡಾರಿನಲ್ಲಿ ನೀನು ಕೇಳಿದ್ದಕ್ಕೆ ಉತ್ತರ ಬರೆದು ಕಳಿಸುತ್ತೇನೆ ಅಂದಿದ್ದೆ. ಇದು ಆ ಉತ್ತರ. ಯಾವ ಪ್ರಶ್ನೆ ಅಂತ ನೆನಪಿಲ್ಲದಿದ್ದರೆ ಪರವಾಗಿಲ್ಲ, ಮೊದಲಿನಿಂದ ಹೇಳುತ್ತೇನೆ.

ಅಕ್ಟೋಬರಿನಲ್ಲಿ ನಿನ್ನ ಚಿತ್ರ ತೆಗೆದರು. ಹೊಳೆಯಿತು. ಡಾಕ್ಟರು ತೆರೆಯ ಮೇಲೆ ತೋರಿಸಿದಾಗ ನೀನು, ನಾನು, ನಿನ್ನ ಹೆಂಡತಿ ಮೂವರೂ ಇದ್ದೆವು. ಅಮ್ಮನದೇ ಕಾಯಿಲೆ, ಇನ್ನೂ ಶುರುವಿನಲ್ಲಿದೆ. ನೀನು ತುಂಬಾ ಹೊತ್ತು ನೋಡಿ, "ನಮ್ಮಮ್ಮಂದೂ ಹೀಗೇ ಇತ್ತೇನೋ ಅಲ್ವಾ ಡಾಕ್ಟ್ರೇ?" ಎಂದು ಕೇಳಿದೆ. ಅವರು "ಇದ್ದಿರಬಹುದು" ಅಂದರು. ಅಮ್ಮನನ್ನು ಕೊನೆಗೂ ಯಾರೋ ಒಬ್ಬರು ನೋಡಿದಂತಾಯಿತು ನನಗೆ. ಔಷಧಿ ಶುರುವಾಗಿದೆ. ಅದು ವಾಸಿ ಮಾಡುವುದಿಲ್ಲ, ಸ್ವಲ್ಪ ತಡೆದರೂ ತಡೆಯಬಹುದು ಎಂದಿದ್ದಾರೆ. ಇದನ್ನೆಲ್ಲ ನಿನಗೆ ಮುಚ್ಚಿಟ್ಟಿಲ್ಲ, ಮುಚ್ಚಿಡುವುದೂ ಇಲ್ಲ.

ಇನ್ನು ಮೊನ್ನೆಯದು. ಡಾಕ್ಟರು ಮೊದಲು ನನ್ನನ್ನು ಕರೆದು, ಹೋದ ವಾರ ನಡೆದ ಯಾವುದಾದರೂ ಒಂದು ಸಂಗತಿ ಹೇಳಿ ಅಂದರು. ಹೇಳಿದೆ. ನಡೆದದ್ದು ನಡೆದ ಹಾಗೆ, ಒಂದಕ್ಷರವೂ ಆಚೆ ಈಚೆ ಮಾಡದೆ. ಆಮೇಲೆ ನಿನ್ನನ್ನು ಒಳಗೆ ಕರೆದರು. ನೀನು ಹೊರಗೆ ಬಂದವನೇ ನನ್ನ ಪಕ್ಕ ಕೂತು ಹೇಳಿದೆ:

"ಹೋದ ವಾರ ಎಲ್ಲಿಗೆ ಹೋಗಿದ್ರಿ ಅಂತ ಕೇಳಿದ್ರು. ಗೊತ್ತಿಲ್ಲ ಅಂದೆ. ಏನಾದ್ರೂ ಕಟ್ಟಿ ಹೇಳ್ಬಹುದಿತ್ತು, ಹೇಳ್ಲಿಲ್ಲ. ಕಾರು ಯಾರು ಓಡಿಸಿದ್ರು ಅಂದ್ರು. ನನ್ ಹೆಂಡ್ತಿ ಅಂದೆ. ನೀವೇನ್ ಮಾಡ್ತಿದ್ರಿ ಅಂದ್ರು. ನಿದ್ದೆ ಮಾಡ್ಬಿಟ್ಟೆ ಅಂದೆ. ಸರಿ ಹೇಳಿದ್ನಾ ಅಕ್ಕ?"

"ಅರ್ಧ ಸರಿ" ಅಂದೆ. "ಇನ್ನರ್ಧ?" ಅಂದೆ ನೀನು. ಅಷ್ಟರಲ್ಲಿ ನರ್ಸ್ ಕರೆದರು.

ಇನ್ನರ್ಧ ಇದು. ಹೋದ ಬುಧವಾರ ನಿನ್ನ ಹೆಂಡತಿಯ ಡ್ರೈವಿಂಗ್ ಲೈಸೆನ್ಸ್ ತರಲು ಮೂವರೂ ಹೋಗಿದ್ದೆವು. ಕೌಂ‌ಟರಿನಲ್ಲಿದ್ದವನು ನಿನ್ನನ್ನು ಗುರುತು ಹಿಡಿದು ಎದ್ದು ನಿಂತ. ಫೋಟೋದಲ್ಲಿ ಅವಳು ಕಳ್ಳಿಯ ಹಾಗೆ ಕಾಣುತ್ತಾಳೆ ಎಂದು ನೀನು ಕೌಂಟರಿನವರಿಗೆಲ್ಲ ಕೇಳುವಂತೆ ಹೇಳಿ ನಕ್ಕೆ. ಹೊರಗೆ ಬಿಸಿಲು ಚೆನ್ನಾಗಿತ್ತು. ವಾಪಸ್ ಬರುವಾಗ ಅವಳು ಓಡಿಸಿದಳು, ಪಕ್ಕದಲ್ಲಿ ನಾನು, ಹಿಂದೆ ನೀನು. ಸ್ವಲ್ಪ ದೂರ ಬರುವವರೆಗೆ ನೀನು "ಕನ್ನಡಿ ನೋಡು, ಗೇರ್ ಇಳಿಸು" ಎನ್ನುತ್ತಿದ್ದೆ. ಆಮೇಲೆ ದನಿಯೇ ಇಲ್ಲ. ತಿರುಗಿ ನೋಡಿದರೆ ಕಿಟಕಿಗೆ ತಲೆ ಆನಿಸಿ ಮಲಗಿದ್ದೆ. ಇನ್ನೊಬ್ಬರು ಗಾಡಿ ಓಡಿಸುವಾಗ ನೀನು ಕಣ್ಣು ಮುಚ್ಚಿದ್ದನ್ನು ನಾನು ಹುಟ್ಟಿದಾರಭ್ಯ ನೋಡಿರಲಿಲ್ಲ. ಅವಳಿಗೆ ಹೇಳಿದೆ. ಅವಳು ಕನ್ನಡಿಯಲ್ಲಿ ಒಮ್ಮೆ ನಿನ್ನನ್ನು ನೋಡಿ ಇನ್ನೂ ನಿಧಾನ ಮಾಡಿದಳು.

ನಿಮ್ಮ ಬೀದಿಯ ಮೂಲೆ ಬಂದಾಗ ನಿನಗೆ ಅರ್ಧ ಎಚ್ಚರವಾಯಿತು. "ಮನೆ ಬಂತಾ?" ಅಂದೆ.

ಬಂದೇಬಿಟ್ಟಿತ್ತು. ಆದರೆ ಅವಳು ಗೇಟಿನ ಮುಂದೆ ನಿಲ್ಲಿಸದೆ ಹಾಗೆಯೇ ಮುಂದಕ್ಕೆ ಹೋಗಿ, "ಇನ್ನೂ ಇಲ್ಲ, ಮಲ್ಕೊಳ್ಳಿ" ಅಂದಳು. ನೀನು ಮತ್ತೆ ಕಣ್ಣು ಮುಚ್ಚಿದೆ. ನಾವಿಬ್ಬರೂ ನಿನ್ನನ್ನು ಕೂರಿಸಿಕೊಂಡು ಊರೆಲ್ಲ ಒಂದು ಸುತ್ತು ಬಂದೆವು.

ಅಕ್ಕ